ಧಾರೆಗೆ ಬಾರದ ಕೈ

ಸಿಂಧೂರಳ ಮದುವೆಯಲ್ಲಿ ಧಾರೆ ಯಾರು ಎರೆಯಬೇಕೆಂಬ ಮಾತು ಮೊದಲು ಎದ್ದದ್ದು ಹಸಿ ಬಟಾಣಿ ಬಿಡಿಸುವಾಗ. ಭಾನುವಾರದ ಬೆಳಿಗ್ಗೆ. ಬೆಹಾಲಾದ ಆ ಫ್ಲಾಟಿನ ಬಾಲ್ಕನಿಗೆ ಚಳಿಗಾಲದ ಬಿಸಿಲು ಬಂದು ನಿಲ್ಲುವುದೇ ಒಂದಿಷ್ಟು ಹೊತ್ತು. ಅವಳ ತಂದೆ ಬದರಿನಾಥ ಆ ಬಿಸಿಲಿಗೆ ಎರಡೂ ಅಂಗೈ ಒಡ್ಡಿಕೊಂಡು ಕುಳಿತಿದ್ದ. ಹೆಂಡತಿ ಕೃಷ್ಣವೇಣಿ ಬಟಾಣಿಯ ಚೀಲವನ್ನು ಪೇಪರಿನ ಮೇಲೆ ಸುರಿದಳು. ಹಳೆಯ ಅಭ್ಯಾಸ, ಅವನೂ ಒಂದು ಕಾಯಿ ಎತ್ತಿಕೊಂಡ.

“ನೀವು ಬಿಡಿ, ನಾನು ಬಿಡಿಸ್ಕೋತೀನಿ.”

“ಸಿಪ್ಪೆ ತಾನೇ ನಾನು ಮುಟ್ಟೋದು?”

“ಕಾಳು ಕೈಗೆ ಬರುತ್ತಲ್ರೀ.”

ಅವನು ಕಾಯನ್ನು ವಾಪಸ್ಸು ಹಾಕಿದ. ಅವಳು ಆ ಒಂದು ಕಾಯನ್ನು ಬೆರಳ ತುದಿಯಿಂದ ಪೇಪರಿನ ಆಚೆಗೆ ಸರಿಸಿದಳು.

ಸೋರಿಯಾಸಿಸ್ ಬಂದು ಮೂರು ವರ್ಷವಾಗಿತ್ತು. ಮೊದಲು ಮೊಣಕೈ, ಆಮೇಲೆ ಅಂಗೈ. ಚರ್ಮ ದಪ್ಪವಾಗಿ, ಬೆಳ್ಳಗೆ ಪೊರೆ ಎದ್ದು, ಚಳಿಗೆ ಬಿರಿಯುತ್ತಿತ್ತು. ಇದು ಅಂಟುರೋಗವಲ್ಲ ಎಂದು ಡಾಕ್ಟರು ಹೇಳಿದ್ದನ್ನು ಮನೆಯವರೆಲ್ಲ ಒಪ್ಪಿಕೊಂಡಿದ್ದರು. ಒಪ್ಪಿಕೊಂಡ ಮೇಲೂ ಅವನ ಟವೆಲು ಬೇರೆ, ಸೋಪು ಬೇರೆ, ತಟ್ಟೆ ಬೇರೆ, ಅಂಚು ನೆಗ್ಗಿದ ಒಂದು ಸ್ಟೀಲ್ ಲೋಟ ಬೇರೆ. ಅವನ ತಾಯಿ ತುಂಗಮ್ಮನಿಗೆ ಮಡಿ ಎಂಬ ಒಳ್ಳೆಯ ನೆಪವೇ ಇತ್ತು. ಮಗನನ್ನು ಮುಟ್ಟದಿರುವುದಕ್ಕೆ ಅವಳು ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ. ಬಾಜಾರಿನ ತರಕಾರಿಯವನೂ ಚಿಲ್ಲರೆಯನ್ನು ಅವನ ಕೈಗೆ ಕೊಡದೆ ತಕ್ಕಡಿಯ ಮೇಲಿಡುತ್ತಿದ್ದ. ಬದರಿನಾಥನಿಗೆ ಹಾಯೆನಿಸುತ್ತಿದ್ದ ಜಾಗವೆಂದರೆ ಬಿಬಿಡಿ ಬಾಗಿನ ಅವನ ಆಫೀಸಿನ ಎದುರಿನ ಚಹಾದಂಗಡಿ. ಅಲ್ಲಿ ಎಲ್ಲರಿಗೂ ಮಣ್ಣಿನ ಪುಟ್ಟ ಕುಡಿಕೆಯಲ್ಲೇ ಚಹಾ. ಕುಡಿದವರೆಲ್ಲ ಒಡೆದು ಎಸೆಯುತ್ತಿದ್ದರು, ಅವನೂ ಎಸೆಯುತ್ತಿದ್ದ.

“ಧಾರೆಗೆ ರಾಮಕೃಷ್ಣನ್ನ ಕೂರಿಸಿದ್ರೆ ಹೇಗೆ ಅಂತ ಅತ್ತೆ ಕೇಳ್ತಿದ್ರು,” ಎಂದಳು ಕೃಷ್ಣವೇಣಿ, ಬಟಾಣಿಯಿಂದ ಕಣ್ಣೆತ್ತದೆ.

ದೇವರ ಗೂಡಿನ ಮುಂದೆ ಬತ್ತಿ ಹೊಸೆಯುತ್ತಿದ್ದ ತುಂಗಮ್ಮ ಅಲ್ಲಿಂದಲೇ, “ನಾನೆಲ್ಲಿ ಕೇಳಿದೆ? ನೀನು ಅಂದೆ, ನಾನು ಹೂಂ ಅಂದೆ,” ಎಂದಳು.

ರಾಮಕೃಷ್ಣ ಬದರಿನಾಥನ ತಮ್ಮ, ಮೈಸೂರಿನಲ್ಲಿರುವವನು. ಒಳ್ಳೆಯವನೇ. ಆದರೆ ಧಾರೆಯೆಂದರೆ ಹೆತ್ತವನು ಮಗಳ ಎರಡೂ ಕೈಗಳನ್ನು ತನ್ನ ಅಂಗೈಯಲ್ಲಿ ಹಿಡಿದು ಅಳಿಯನ ಕೈಗಿಡುವುದು. ಪಕ್ಕದಲ್ಲಿ ಹೆತ್ತವಳು ಗಿಂಡಿಯಿಂದ ನೀರು ಬಿಡುವುದು. ಬದರಿನಾಥನಿಗಿದ್ದುದು ಒಬ್ಬಳೇ ಮಗಳು. ಮದುವೆಯಲ್ಲಿ ಅವನಿಗೆ ಬೇಕಾಗಿದ್ದುದೂ ಅದೊಂದೇ. ಛತ್ರ, ಊಟ, ವೀಳ್ಯದೆಲೆ ಎಲ್ಲ ಯಾರಾದರೂ ಮಾಡಿಕೊಳ್ಳಲಿ.

“ಹುಡುಗನ ಕಡೆಯವರು ಏನಾದ್ರೂ ಅಂದ್ರಾ?”

“ಅನ್ನೋವರೆಗೂ ಯಾಕೆ ಕಾಯಬೇಕು?”

ಸಿಂಧೂರ ತಲೆಗೆ ಟವೆಲು ಸುತ್ತಿಕೊಂಡು ಬಂದು ಬಾಗಿಲಿಗೆ ಒರಗಿದಳು. “ಅಪ್ಪ, ಮೈಂಡ್ ಮಾಡ್ಬೇಡ. ವಿಘ್ನೇಶ್ ಕಡೆ ತುಂಬಾ ಜನ ಬರ್ತಾರೆ. ಎಲ್ರಿಗೂ ಎಕ್ಸ್‌ಪ್ಲೇನ್ ಮಾಡ್ತಾ ಕೂರೋದು ನಂಗೆ ಆಗಲ್ಲ. ಚಿಕ್ಕಪ್ಪ ಮಾಡಿದ್ರೂ ನೀನು ಮಾಡಿದ ಹಾಗೇ ಅಲ್ವಾ?”

“ಹಾಗೇನಾ?” ಎಂದು ಬದರಿನಾಥ ಕೇಳಿದ.  ಬಿಸಿಲು ಪಕ್ಕದ ಕಟ್ಟಡದ ಗೋಡೆಗೆ ಹತ್ತಿತ್ತು.

ಆ ವಾರವೆಲ್ಲ ಅವನು ಕೆರೆದುಕೊಂಡ. ಹಾಸಿಗೆ ತುಂಬ ಹೊಟ್ಟು, ಬನಿಯನ್ನಿನ ತೋಳಿನಲ್ಲಿ ರಕ್ತದ ಕಲೆ. ಕೃಷ್ಣವೇಣಿ ಅವನ ಹೊದಿಕೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸುವಾಗ ಮಾತಾಡಲಿಲ್ಲ. ಬಕೆಟ್ಟನ್ನು ಇಟ್ಟ ಸದ್ದಿನಲ್ಲೇ ಹೇಳಬೇಕಾದ್ದೆಲ್ಲ ಹೇಳಿದಳು. ಅಲಿಪುರದ ಕಡೆಯ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಹೊಸ ಮುಲಾಮು ಬರೆದುಕೊಟ್ಟು, “ಚರ್ಮಕ್ಕೆ ಇದು. ಮಿಕ್ಕದ್ದಕ್ಕೆ ಪಕ್ಕದ ರೂಮಿಗೆ ಹೋಗಿ,” ಎಂದರು.

ಪಕ್ಕದ ರೂಮಿನಲ್ಲಿ ನೇಹಾ ಎಂಬ ಹುಡುಗಿ, ಅವನ ಮಗಳ ವಯಸ್ಸಿನವಳು, ಮನಸ್ಸಿನ ವಿಷಯ ಓದಿಕೊಂಡವಳು. ಹಿಂದಿಯಲ್ಲಿ ನಿಧಾನವಾಗಿ ಕೇಳಿದಳು. ಅವನು ಎಲ್ಲದಕ್ಕೂ “ಠೀಕ್ ಹೈ” ಎಂದ. ಕೊನೆಗೆ ಅವಳು, ದಿನಾ ಇಪ್ಪತ್ತು ನಿಮಿಷ ಕೂತು ಚುಚ್ಚಿದ್ದನ್ನೆಲ್ಲ ಬರೆಯಿರಿ, ನಿಮ್ಮ ಭಾಷೆಯಲ್ಲೇ ಬರೆಯಿರಿ, ತಪ್ಪು ಒಪ್ಪು ನೋಡಬೇಡಿ, ಬರೆದು ಹರಿದು ಹಾಕಿದರೂ ಸರಿ ಎಂದಳು.

“ಅದರಿಂದ ಕೈ ವಾಸಿ ಆಗುತ್ತಾ?”

“ಹಾಗಂತ ನಾನು ಹೇಳಲ್ಲ. ಕೈ ಜೊತೆ ಬದುಕೋದು ಸ್ವಲ್ಪ ಸುಲಭ ಆಗಬಹುದು.”

ಬದರಿನಾಥ ಮೂವತ್ತು ವರ್ಷ ಫೈಲುಗಳ ಮೇಲೆ ಟಿಪ್ಪಣಿ ಬರೆದವನು. ಮರುದಿನ ಬಾಜಾರಿನಿಂದ ಬಂದು ಊಟದ ಮೇಜಿಗೆ ಕೂತು ಬರೆದದ್ದೂ ಹಾಗೇ ಬಂತು. ವಿಷಯ: ಅಂಗೈ. ಹಿನ್ನೆಲೆ: ಮೂರು ವರ್ಷಗಳಿಂದ ಬಾಧೆ. ಮನೆಯವರ ಅಭಿಪ್ರಾಯ: ಧಾರೆಗೆ ತಕ್ಕುದಲ್ಲ. ಮೇಲಿನವರ ಅವಗಾಹನೆಗೆ ಸಲ್ಲಿಸಲಾಗಿದೆ. ಬರೆದು ಮುಗಿಸಿದಾಗ ಮೇಲಿನವರು ಯಾರೆಂದು ಅವನಿಗೇ ತಿಳಿಯಲಿಲ್ಲ. ಹಾಳೆಯನ್ನು ಹರಿದು ಹಾಕಿದ. ಎರಡನೆಯ ದಿನವೂ ಟಿಪ್ಪಣಿಯೇ. ಮೂರನೆಯ ದಿನ ಮಾತ್ರ, ಬಟಾಣಿಕಾಯನ್ನು ಅವಳು ಬೆರಳ ತುದಿಯಿಂದ ಸರಿಸಿದ್ದು ಬಂತು. ಅದು ಬಂದ ಮೇಲೆ ನಿಲ್ಲಲಿಲ್ಲ.

ಮಗನ ತುಟಿ ಅಲ್ಲಾಡುವುದನ್ನು ತುಂಗಮ್ಮ ನೋಡಿದಳು. “ಏನೋ ಬದರಿ ಅದು ಬರೀತಾ ಇರೋದು?”

“ಡಾಕ್ಟರು ಬರೆಯೋಕ್ಕೆ ಹೇಳಿದಾರಮ್ಮ.”

“ರಾಮನಾಮಾನಾ?”

ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮುದುಕಿಗೆ ಅಷ್ಟು ಸಾಕಾಯಿತು. ಈ ಊರಲ್ಲಿ ಡಾಕ್ಟರುಗಳೂ ರಾಮಕೋಟಿ ಬರೆಸುತ್ತಾರೆಂದು ಮೈಸೂರಿಗೆ ಫೋನಾಯಿತು. ಕನ್ನಡ ಸಂಘದ ಹೆಂಗಸರಿಗೂ ಸುದ್ದಿ ಹೋಯಿತು. ಮಗ ಬರೆಯಲು ಕೂತರೆ ಟಿವಿ ಆರಿಸಿ, “ಗಲಾಟೆ ಮಾಡಬೇಡ್ರೇ, ನಾಮ ಬರೀತಿದಾನೆ,” ಎನ್ನುತ್ತಿದ್ದಳು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಆ ಮನೆಯಲ್ಲಿ ಅವನಿಗೆ ಸಿಕ್ಕ ಮೊದಲ ಮೌನ ಅದು, ಅದೂ ರಾಮನ ಹೆಸರಿನಲ್ಲಿ.

ತೊಂದರೆ ಶುರುವಾದದ್ದು ಬರೆದದ್ದರಿಂದಲ್ಲ, ಬರೆದದ್ದು ಬಾಯಿಗೆ ಬರತೊಡಗಿದ್ದರಿಂದ. ಒಂದು ಸಂಜೆ ಚಪಾತಿ ತಿನ್ನುವಾಗ ಬದರಿನಾಥ ತಟ್ಟೆಯನ್ನು ತಟ್ಟಿ ಕೇಳಿದ.

“ಇದನ್ನ ಯಾಕೆ ಬೇರೆ ತೊಳೀತೀರ?”

ಕೃಷ್ಣವೇಣಿ ಸೌಟು ಹಿಡಿದು ನಿಂತಳು. “ಈಗೇನಾಯ್ತು?”

“ಏನೂ ಆಗಿಲ್ಲ. ಮೂರು ವರ್ಷದಿಂದ ಕೇಳಬೇಕು ಅಂತಿದ್ದೆ.”

“ನಿಮಗೇ ಒಳ್ಳೇದು ಅಂತ. ಬೇರೆಯವರ ಎಂಜಲು ತಾಗಬಾರದಲ್ಲ.”

“ನನ್ನ ಒಳ್ಳೇದಕ್ಕೆ ನನ್ನ ತಟ್ಟೆ ಸಿಂಕಿನ ಕೆಳಗಿರುತ್ತೆ, ನಿಮ್ಮದು ಸ್ಟ್ಯಾಂಡಿನ ಮೇಲಿರುತ್ತೆ.”

“ನೋಡಿ, ಬರೆಯೋಕ್ಕೆ ಶುರು ಮಾಡಿದ ಮೇಲೆ ನಿಮ್ಮ ಬಾಯಿ ಬಿಚ್ಚಿದೆ.”

“ಕೈ ಮುಚ್ಕೊಂಡಿದೀನಲ್ಲ, ಬಾಯಾದ್ರೂ ಬಿಚ್ಚಲಿ.”

ಸಿಂಧೂರ ಫೋನಿನಿಂದ ತಲೆಯೆತ್ತಿ, “ಅಪ್ಪ, ಊಟದ ಟೈಮಲ್ಲಿ ಬೇಡ ಪ್ಲೀಸ್,” ಎಂದಳು. ಊಟದ ಹೊತ್ತಲ್ಲದೆ ಆ ಮೂವರೂ ಒಂದೆಡೆ ಸೇರುವುದು ಯಾವಾಗ ಎಂದು ಯಾರೂ ಹೇಳಲಿಲ್ಲ.

ಇನ್ನೊಂದು ದಿನ ಕೃಷ್ಣವೇಣಿಯೇ ಮೇಜಿನ ಹತ್ತಿರ ಬಂದು ನಿಂತಳು. ಕೈಯಲ್ಲಿ ಬೆಳ್ಳಿಯ ಗಿಂಡಿ, ವಿಭೂತಿ ಹಚ್ಚಿದ ಬಟ್ಟೆ. ತವರಿನವರು ಅವಳ ಮದುವೆಯಲ್ಲಿ ಕೊಟ್ಟ ಗಿಂಡಿ. ಮದುವೆ ಗೊತ್ತಾದಾಗಿನಿಂದ ಬಿಡುವು ಸಿಕ್ಕಾಗಲೆಲ್ಲ ಅದನ್ನು ಉಜ್ಜುತ್ತಿದ್ದಳು. ಧಾರೆಗೆಂದೇ ಹಸಿರಂಚಿನ ರೇಷ್ಮೆ ಸೀರೆಯನ್ನೂ ತೆಗೆದಿಟ್ಟಿದ್ದಳು.

“ದಿನಾ ಅಷ್ಟುದ್ದ ಏನು ಬರೀತೀರಿ?”

“ನಿನ್ನ ವಿಷಯ.”

“ನನ್ನ ವಿಷಯ ಏನಿದೆ ಬರೆಯೋಕ್ಕೆ?”

“ಬಹಳ ಇದೆ. ನಿನ್ನೆ ಬಕೆಟ್ಟಿನದು ಬರೆದೆ. ಇವತ್ತು ಬರೀತಿರೋದು, ಬೀಗರು ಊಟಕ್ಕೆ ಬಂದಾಗ ನನಗೆ ತುಂಬು ತೋಳಿನ ಶರ್ಟು ಹಾಕಿಸಿ, ಕೈ ಮೇಜಿನ ಕೆಳಗಿಟ್ಕೊಳ್ಳಿ ಅಂದ್ಯಲ್ಲ, ಅದು.”

ಅವಳ ಮುಖ ಕೆಂಪಗಾಯಿತು. “ಅತ್ತೆ, ಕೇಳಿಸ್ಕೊಳ್ಳಿ. ನಿಮ್ಮ ಮಗ ಬರೀತಿರೋದು ರಾಮಂದಲ್ಲ, ನಮ್ಮದು.”

 ತುಂಗಮ್ಮ ಸಂಘದ ಹೆಂಗಸರ ಮುಂದೆ ಹೇಳಿಕೊಂಡದ್ದೆಲ್ಲ ಸುಳ್ಳಾಗಿತ್ತು. ಅವಳು ಮೂರು ದಿನ ಮಗನ ಜೊತೆ ಮಾತು ಬಿಟ್ಟಳು. ನಾಲ್ಕನೆಯ ದಿನ ತನ್ನ ಪೆಟ್ಟಿಗೆಯಿಂದ ಹೊಸ ರಾಮಕೋಟಿ ಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟಳು. “ಮನೆ ಹೆಂಗಸರ ಮೇಲೆ ಬರೆದ್ರೆ ಕೈ ವಾಸಿ ಆಗುತ್ತೇನೋ? ಜಾಲಿ ಮರಕ್ಕೆ ನೀರು ಹಾಕಿ ಮಾವಿನಹಣ್ಣು ಕೇಳಿದ ಹಾಗೆ. ಇದನ್ನ ಬರಿ.”

ಪುಸ್ತಕಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿದ್ದಳು. ಮಗನ ಕೈ ತಾಗಿದರೆ ಒರೆಸಬಹುದಲ್ಲ. ಅದು ಅವನಿಗೆ ಗೊತ್ತಾಯಿತು. ಅವನು ಪುಸ್ತಕವನ್ನು ಮುಟ್ಟಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ, ಬರೆದೂ ಬರೆದೂ ಸವೆದುಹೋಗಿದ್ದ ಮಾತನ್ನು ಅವನು ಹೇಳಿಯೇಬಿಟ್ಟ. “ಧಾರೆ ನಾನೇ ಎರೀತೀನಿ. ನನ್ನ ಮಗಳು. ನನಗೆ ಬೇಕು ಅದು.”

“ರಾಮಕೃಷ್ಣನಿಗೆ ಹೇಳಿಯಾಗಿದೆ. ಅವನು ಟಿಕೆಟ್ಟೂ ಮಾಡಿಸಿದಾನೆ,” ಎಂದಳು ಕೃಷ್ಣವೇಣಿ.

“ಮದುವೆಗೆ ಅವನು ಹೇಗೂ ಬರಬೇಕಲ್ಲ. ಸಿಂಧು, ನೀನು ಹೇಳು.”

ಸಿಂಧೂರ ಸಾರನ್ನದಲ್ಲಿ ಬೆರಳಾಡಿಸಿದಳು. “ಆ ವಿಡಿಯೋ ಲೈಫ್‌ಲಾಂಗ್ ಇರುತ್ತೆ ಅಪ್ಪ. ಕ್ಲೋಸಪ್ಪಲ್ಲಿ ಕೈನೇ ತೋರಿಸ್ತಾರೆ.”

ಹುಟ್ಟಿದ ದಿನ ಆ ಕೂಸು ಅವನ ಹೆಬ್ಬೆರಳನ್ನೇ ಬಿಗಿಯಾಗಿ ಹಿಡಿದಿತ್ತು. ಅದನ್ನು ಹೇಳಬೇಕೆನಿಸಿತು. ಹೇಳದೆ ಮಜ್ಜಿಗೆ ಬಡಿಸಿಕೊಂಡ. ಕೆರೆತ ಮಾತ್ರ ಆ ರಾತ್ರಿಯಿಡೀ ಬಿಡಲಿಲ್ಲ.

ಮಾಘ ಕಳೆಯಿತು. ಗಾಳಿಗೆ ಬೆವರಿನ ತೇವ ಬಂತು. ಈ ಊರಿನ ಸೆಕೆಯನ್ನು ಎಲ್ಲರೂ ಬಯ್ಯುತ್ತಾರೆ, ಆದರೆ ಬದರಿನಾಥನ ಚರ್ಮಕ್ಕೆ ಅದು ಹಿತ. ಮುಲಾಮೋ, ಸೆಕೆಯೋ, ಬರೆದದ್ದೋ, ಯಾವುದರ ಪುಣ್ಯವೋ, ಅಂಗೈಯ ಬಿರುಕು ಮುಚ್ಚಿಕೊಳ್ಳುತ್ತ ಬಂತು. ಪೊರೆ ಉದುರಿ, ಕೆಳಗೆ ತೆಳುಗೆಂಪು ಚರ್ಮ ಕಾಣಿಸಿತು. ಮದುವೆಗೆ ಹತ್ತು ಹದಿನೈದು ದಿನವಿರುವಾಗ ಅವನು ಎರಡೂ ಕೈಗಳನ್ನು ಹೆಂಡತಿಯ ಮುಂದೆ ಚಾಚಿದ.

ಅವಳು ಬಾಗಿನಕ್ಕೆ ರವಿಕೆ ಕಣ ಎಣಿಸುತ್ತಿದ್ದಳು. “ಹೂಂ, ಪರವಾಗಿಲ್ಲ,” ಎಂದಳು. ಕಣ್ಣು ಕಣಗಳ ಮೇಲೇ ಇತ್ತು. ಅವನು ಕೈ ಹಿಂದೆ ತೆಗೆದುಕೊಂಡ.

ರಾಮಕೃಷ್ಣ, ಅವನ ಹೆಂಡತಿ ವಂದನಾ ಮೈಸೂರಿನಿಂದ ಬಂದಿಳಿದ ಮರುದಿನ ಭಟ್ಟರು ಶಾಸ್ತ್ರಗಳ ವಿಚಾರ ಮಾತಾಡಲು ಮನೆಗೆ ಬಂದರು. ಲೇಕ್ ಮಾರ್ಕೆಟ್ಟಿನ ಕಡೆಯವರು, ಕನ್ನಡದವರ ಮದುವೆಗಳಿಗೆಲ್ಲ ಅವರೇ. ಹುಡುಗಿಯ ತಂದೆಗೆ ಅನಾರೋಗ್ಯ, ಚಿಕ್ಕಪ್ಪ ಕೂರುತ್ತಾನೆ ಎಂದು ಕೃಷ್ಣವೇಣಿ ತಿಳಿಸಿದಳು. ಪಕ್ಕದ ಕುರ್ಚಿಯಲ್ಲಿ ಕಾಫಿ ಕುಡಿಯುತ್ತಿದ್ದ ಬದರಿನಾಥನನ್ನು ಭಟ್ಟರು ಒಮ್ಮೆ ನೋಡಿ, “ಕೂರಬಹುದು, ದೋಷವಿಲ್ಲ,” ಎಂದರು.

“ಗಿಂಡಿ ಹಿಡಿಯೋಕ್ಕೆ ನಾನಿರ್ತೀನಿ,” ಎಂದಳು ಅವಳು.

ಭಟ್ಟರು ಕಾಫಿ ಕೆಳಗಿಟ್ಟರು. “ಅದು ಹೇಗಾಗುತ್ತಮ್ಮ? ಮೈದುನನ ಪಕ್ಕದಲ್ಲಿ ಅತ್ತಿಗೆ ಕೂತು ಧಾರೆ ಎರೆಯೋದುಂಟೇ? ದಂಪತಿಗಳೇ ಕೂರಬೇಕು. ಇವರು ಕೂತರೆ ಗಿಂಡಿ ಇವರ ಮನೆಯವರದು.”

ವಂದನಾ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ತುಂಗಮ್ಮ, “ನಿಂಗೆ ಗೊತ್ತಿದ್ದೇ ಹೇಳಿದೀಯ ಅಂದ್ಕೊಂಡಿದ್ದೆ ಕಣೇ,” ಎಂದಳು. ನೂರು ಮದುವೆಯ ಊಟ ಉಂಡ ಕೃಷ್ಣವೇಣಿಗೆ ಇದೊಂದು ಹೊಳೆಯದೇ ಹೋಗಿತ್ತು. ಗಂಡನನ್ನಷ್ಟೇ ಮಣೆಯಿಂದ ಎಬ್ಬಿಸುತ್ತಿದ್ದೇನೆ ಅಂದುಕೊಂಡಿದ್ದಳು. ಅವನ ಜೊತೆಗೆ ತಾನೂ ಏಳಬೇಕಾಗುತ್ತದೆಂದು ಯೋಚಿಸಿರಲಿಲ್ಲ.

ಮಧ್ಯಾಹ್ನ, ನೆಂಟರು ಮಲಗಿದ್ದಾಗ, ಅವಳು ಬಾಲ್ಕನಿಗೆ ಬಂದಳು. ಕಣ್ಣು ಊದಿತ್ತು. ಎಷ್ಟೋ ಕಾಲದ ಮೇಲೆ ಅವನ ಪಕ್ಕದಲ್ಲೇ ಕುಳಿತು ಅವನ ಕೈಯನ್ನು ತಿರುಗಿಸಿ ನೋಡಿದಳು.

“ಈಗ ಎಷ್ಟೋ ವಾಸಿ ಕಾಣುತ್ತಲ್ರೀ. ನೀವೇ ಕೂತ್ಕೊಂಡುಬಿಡಿ. ರಾಮಕೃಷ್ಣನಿಗೆ ನಾನು ಹೇಳ್ತೀನಿ.”

ಬಟಾಣಿ ಬಿಡಿಸಿದ ಆ ಬೆಳಿಗ್ಗೆಯಿಂದ ಬದರಿನಾಥ ಕಾದದ್ದು ಇದೇ ಮಾತಿಗೆ. ಹಾಳೆಗಟ್ಟಲೆ ಬರೆದು ಹರಿದದ್ದೂ ಇದಕ್ಕೇ. ಮಾತು ಬಂದಿತ್ತು. ಹೂಂ ಎಂದರೆ ಮುಗಿಯುತ್ತಿತ್ತು.

“ಯಾವಾಗಿಂದ ವಾಸಿ ಆಯ್ತು?” ಎಂದು ಕೇಳಿದ.

“ಏನು?”

“ಕೈ. ಭಟ್ಟರು ಬರೋಕ್ಕೆ ಮುಂಚೆನಾ, ಆಮೇಲಾ?”

ಅವಳು ಕೈ ಬಿಟ್ಟಳು. “ಈಗ್ಲೂ ಹೀಗೆ ಮಾತಾಡಬೇಕಾ? ಒಂಬತ್ತು ತಿಂಗಳು ಹೊತ್ತಿದೀನಿ ನಾನು. ಆ ಗಿಂಡಿ ಹಿಡಿಯೋಕ್ಕೆ ಎಷ್ಟು ಆಸೆ ಇಟ್ಕೊಂಡಿದ್ದೆ ಗೊತ್ತಾ ನಿಮಗೆ?”

“ಗೊತ್ತು. ಆಸೆ ಅಂದ್ರೇನು ಅಂತ ನನಗೆ ಚೆನ್ನಾಗಿ ಗೊತ್ತು.”

“ಹಾಗಾದ್ರೆ ಕೂತ್ಕೊಳ್ಳಿ.”

“ರಾಮಕೃಷ್ಣನೇ ಕೂರಲಿ. ಟಿಕೆಟ್ ಮಾಡಿಸ್ಕೊಂಡು ಬಂದಿದಾನೆ.”

ಸಂಜೆ ಸಿಂಧೂರ ಬಂದಳು, ಎರಡೂ ಕೈಗೆ ಮೊಣಕೈವರೆಗೆ ಮೆಹಂದಿ. ಒಣಗಿರಲಿಲ್ಲ, ಎತ್ತಿ ಹಿಡಿದಿದ್ದಳು. “ಅಪ್ಪ, ನೀನೇ ಮಾಡು. ಅಮ್ಮ ತುಂಬಾ ಅಳ್ತಿದಾಳೆ.”

“ಅಮ್ಮ ಅಳ್ತಿದಾಳೆ ಅಂತಾನಾ?”

 ಮಗಳು ಬೇರೆ ಏನಾದರೂ ಹೇಳಿದ್ದರೆ, ‘ನನಗೆ ಬೇಕು’ ಎಂದು ಒಂದು ಮಾತು ಅಂದಿದ್ದರೆ, ಅವನು ಅಲ್ಲೇ ಕರಗಿಹೋಗುತ್ತಿದ್ದ. ಅವಳು ಮೆಹಂದಿಯನ್ನು ಊದುತ್ತ ನಿಂತು, ನಿಂತು, ಒಳಗೆ ಹೋದಳು. ಗೆದ್ದೆ ಎಂದು ಬದರಿನಾಥನಿಗೆ ಅನಿಸಬೇಕಿತ್ತು. ಬಾಯೆಲ್ಲ ಕಹಿಯಾಗಿತ್ತು, ಅಷ್ಟೇ.

ಮುಹೂರ್ತದಲ್ಲಿ ರಾಮಕೃಷ್ಣ ಸಿಂಧೂರಳ ಕೈಗಳನ್ನು ಹಿಡಿದು ವಿಘ್ನೇಶನ ಕೈಗಿಟ್ಟ. ವಂದನಾ ಬೆಳ್ಳಿಯ ಗಿಂಡಿ ಬಗ್ಗಿಸಿದಳು. ಕೃಷ್ಣವೇಣಿ ಉಜ್ಜಿ ಉಜ್ಜಿ ಹೊಳಪೇರಿಸಿದ ಗಿಂಡಿ. ಹಸಿರಂಚಿನ ರೇಷ್ಮೆ ಉಟ್ಟು ಅವಳು ಎರಡನೆಯ ಸಾಲಿನಲ್ಲಿ ಅಕ್ಷತೆಯ ತಟ್ಟೆ ಹಿಡಿದು ನಿಂತಿದ್ದಳು. ಕ್ಯಾಮೆರಾದವನು ಬಗ್ಗಿ ಕೈಗಳನ್ನೇ ತೆಗೆದ. ನೀರು ಬೀಳುವಾಗ ಸಿಂಧೂರ ತಲೆಯೆತ್ತಿ ಜನರ ಮಧ್ಯೆ ಯಾರನ್ನೋ ಹುಡುಕಿದಳು. ಬದರಿನಾಥ ಕಂಬದ ಹಿಂದೆ ಸರಿದ.

ಹುಡುಗನ ತಂದೆ ವಿನಾಯಕರಾಯರು ಅವನನ್ನು ಅಲ್ಲೇ ಹಿಡಿದರು. “ಏನ್ ಬೀಗರೇ, ನೀವ್ಯಾಕೆ ಕೂರಲಿಲ್ಲ? ಈ ಸಂಬಂಧ ನಿಮಗೆ ಮನಸ್ಸಿಲ್ಲವೇನೋ ಅಂತ ನಮ್ಮ ಮನೆಯವಳು ಒಂದೇ ಸಮ ಪೇಚಾಡ್ತಿದಾಳೆ.”

“ಹಾಗೇನಿಲ್ಲ. ಮೈ ಹುಷಾರಿರಲಿಲ್ಲ.”

“ಅಷ್ಟೇ ತಾನೇ?” ಅವರು ಅವನ ಎರಡೂ ಕೈಗಳನ್ನು ಹಿಡಿದುಕೊಂಡು ಮಾತಾಡಿದರು. ಊಟ ಚೆನ್ನಾಗಿದೆ ಎಂದರು, ಸೆಕೆ ಜಾಸ್ತಿ ಎಂದರು. ಬಹಳ ಹೊತ್ತು ಹಿಡಿದೇ ಇದ್ದರು. ಒಮ್ಮೆಯೂ ಕೆಳಗೆ ನೋಡಲಿಲ್ಲ.

ಮದುಮಕ್ಕಳು ಹಿರಿಯರಿಗೆ ನಮಸ್ಕಾರ ಮಾಡುತ್ತ ಬಂದರು. ತುಂಗಮ್ಮ ಮೊಮ್ಮಗಳ ಗಲ್ಲ ಹಿಡಿದು ಅತ್ತಳು. ಕೃಷ್ಣವೇಣಿ ಅಪ್ಪಿಕೊಂಡಳು. ಸಿಂಧೂರ ತಂದೆಯ ಮುಂದೆ ಮಂಡಿಯೂರಿ ಹಣೆಯನ್ನು ಅವನ ಪಾದಕ್ಕೆ ಮುಟ್ಟಿಸಿದಳು, ಆಮೇಲೆ ಏಳದೆ ತಲೆ ಬಾಗಿಸಿ ಹಾಗೇ ಕುಳಿತಳು. ಅವಳು ಕಾಯುತ್ತಿದ್ದದ್ದು ಯಾತಕ್ಕೆಂದು ಸುತ್ತಲಿದ್ದವರಿಗೆಲ್ಲ ಗೊತ್ತಾಯಿತು. ಬದರಿನಾಥನ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡಿದ್ದವು. ಬಿರುಕಿಲ್ಲದ, ಮೆತ್ತಗಿನ ಅಂಗೈಗಳು. ಅವನು ಅವನ್ನು ಮುಂದೆ ತರಲಿಲ್ಲ. “ಒಳ್ಳೇದಾಗ್ಲಮ್ಮ,” ಎಂದು ಬಾಯಲ್ಲೇ ಹರಸಿದ. ಸಿಂಧೂರ ಇನ್ನೂ ಸ್ವಲ್ಪ ಹೊತ್ತು ಕಾದಳು. ವಿಘ್ನೇಶ್ ಅವಳ ತೋಳು ಹಿಡಿದು ಎಬ್ಬಿಸಿದ. ಹಣೆಯ ಬಾಸಿಂಗದ ಕೆಳಗೆ ಅವಳ ಕಣ್ಣು ತುಂಬಿತ್ತು.

ಮರುದಿನ ಮಗಳನ್ನು ಕಳಿಸಿ, ನೆಂಟರನ್ನು ರೈಲು ಹತ್ತಿಸಿ ಬಂದ ಮೇಲೆ ಮನೆ ಬಿಕೋ ಎಂದಿತು. ಅದರಾಚೆಯ ದಿನ ಬೆಳಿಗ್ಗೆ ಬದರಿನಾಥ ಮೇಜಿಗೆ ಕೂತ. ಕೈ ಯಾಕೆ ಇಡಲಿಲ್ಲ, ಅದೊಂದನ್ನು ಬರೆಯಬೇಕಿತ್ತು. ಸೇಡು ಎಂದು ಬರೆದ, ಹೊಡೆದುಹಾಕಿದ. ನಾಚಿಕೆ ಎಂದು ಬರೆದ, ಅದನ್ನೂ ಹೊಡೆದುಹಾಕಿದ. ಗೋಡೆ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಆಗಿಹೋಯಿತು. ಒಳಗಿನಿಂದ ತುಂಗಮ್ಮ, “ಆ ಪುಸ್ತಕ ಶುರು ಮಾಡಿದ್ಯೇನೋ?” ಎಂದು ಕೇಳಿದಳು. 

ಕೃಷ್ಣವೇಣಿ ಕಾಫಿ ಹಿಡಿದು ಬಂದಳು. ಹಾಳೆಯ ಕಡೆ ನೋಡಲಿಲ್ಲ.

“ತಲೆ ಮೇಲೆ ಒಂದು ಕೈ ಇಡೋಕ್ಕೇನಾಗಿತ್ತು ನಿಮಗೆ? ಮಗು ಎಷ್ಟು ಹೊತ್ತು ಬಗ್ಗಿ ಕೂತಿತ್ತು. ನನ್ನ ಮೇಲಿನ ಸಿಟ್ಟು ಅದರ ಮೇಲೆ ಯಾಕೆ?”

“ಸಿಟ್ಟೋ ಏನೋ, ಗೊತ್ತಾಗ್ತಿಲ್ಲ ವೇಣಿ. ಮೂರು ವರ್ಷ ಎಲ್ಲರೂ ಸೇರಿ ಕೈ ಹಿಂದಿಟ್ಕೋ ಅಂತ ಕಲಿಸಿದ್ರಿ. ಮುಂದೆ ತರಬೇಕು ಅನ್ನೋ ಹೊತ್ತಿಗೆ ಅದು ಬರಲಿಲ್ಲ.”

 ಅವಳು ಕಾಫಿಯನ್ನು ಅವನ ಮುಂದಿಟ್ಟು ಅಡುಗೆಮನೆಗೆ ಹೋದಳು. ಅದೇ ಲೋಟ, ಅಂಚು ನೆಗ್ಗಿದ್ದು.